ಹಳದಿ ಚುಕ್ಕೆಯ ಸಿಲಿಂಡರ್

ಕನ್ನಡಕದಂಗಡಿಯವನು ಅಂದು ಮಧ್ಯಾಹ್ನ ಮೇಜಿನ ಮೇಲೆ ಹಳೇ ಪೇಪರು ಹಾಸದೇ ಇದ್ದಿದ್ದರೆ ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ. ಆದರೆ ಗಾಜು ಉಜ್ಜಿದ ಪುಡಿಯೆಲ್ಲ ಮೇಜಿಗೆ ಮೆತ್ತಿಕೊಳ್ಳುತ್ತದೆಂದು ಹೆಂಡತಿ ದಿನಾ ಗೊಣಗುತ್ತಿದ್ದಳು. ಅದಕ್ಕೇ ಮೂರು ತಿಂಗಳ ಹಿಂದಿನ ಪೇಪರೊಂದನ್ನು ಹಾಸಿ, ಪಕ್ಕದ ಮನೆಯ ಕೋರ್ಟಜ್ಜನ ಮುರಿದ ಕನ್ನಡಕವನ್ನು ಕೈಗೆತ್ತಿಕೊಂಡ. ಮೂರು ವಾರದಿಂದ “ನಾಳೆ ಕೊಡ್ತೀನಿ ಅಜ್ಜ” ಎಂದು ಸಾಗಹಾಕುತ್ತಾ ಬಂದಿದ್ದ ಕೆಲಸ ಅದು. ಇವತ್ತು ಮುಗಿಸಿಯೇಬಿಡೋಣ ಎಂದು ತಲೆ ಬಗ್ಗಿಸಿದರೆ, ಪೇಪರಿನ ಮೂಲೆಯಲ್ಲಿದ್ದ ಒಂದು ಚೌಕ ಕಣ್ಣಿಗೆ ಬಿತ್ತು.

‘ಸಾರ್ವಜನಿಕರಿಗೆ ಎಚ್ಚರಿಕೆ’ ಎಂದಿತ್ತು ಅದರಲ್ಲಿ. ಬೆಂಕಿ ಆರಿಸಲು ಮನೆಗಳಲ್ಲಿ ಇಟ್ಟುಕೊಳ್ಳುವ ಕೆಂಪು ಸಿಲಿಂಡರ್‌ಗಳಲ್ಲಿ ಕೆಲವನ್ನು ಕಂಪನಿ ವಾಪಸು ಪಡೆಯುತ್ತಿದೆ. ಹಿಡಿಕೆಯ ಕೆಳಗೆ ಹಳದಿ ಚುಕ್ಕೆ ಇದ್ದರೆ ಅದರ ತಲೆಭಾಗ ಯಾರೂ ಮುಟ್ಟದೆಯೇ ಸಿಡಿಯಬಹುದು. ಬಳಸಬೇಡಿ. ಅಲುಗಾಡಿಸಬೇಡಿ. ಬಿಸಿಲಿಗೆ ಇಡಬೇಡಿ. ಕಸಕ್ಕೆ ಹಾಕಬೇಡಿ. ಕಂಪನಿಯ ಡಿಪೋಗೆ ತಂದುಕೊಟ್ಟರೆ ಹೊಸದನ್ನು ಕೊಡಲಾಗುವುದು. ಅದರ ಕೆಳಗೆ ಕೊನೆಯ ದಿನಾಂಕ ಇತ್ತು, ಸಂಜೆ ಐದು ಗಂಟೆ ಎಂದೂ ಇತ್ತು.

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಅದೇ ದಿನ. ಗಡಿಯಾರ ನೋಡಿದ. ಎರಡೂ ಮುಕ್ಕಾಲು.

ಅವನದು ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಓಣಿಯಲ್ಲಿ, ಅಡುಗೆಮನೆ ಬಾಗಿಲ ಪಕ್ಕದ ಕೊಕ್ಕೆಗೆ, ಎರಡು ವರ್ಷ ನಾಲ್ಕು ತಿಂಗಳಿಂದ ಒಂದು ಕೆಂಪು ಸಿಲಿಂಡರ್ ತೂಗುತ್ತಿತ್ತು. ಅವನು ಬೆಕ್ಕಿನ ಹೆಜ್ಜೆ ಹಾಕಿಕೊಂಡು ಹತ್ತಿರ ಹೋಗಿ, ಬಗ್ಗಿ, ಹಿಡಿಕೆಯ ಅಡಿಗೆ ಟಾರ್ಚು ಬಿಟ್ಟ. ಕಡಲೆಬೇಳೆಯಷ್ಟು ದೊಡ್ಡ ಹಳದಿ ಚುಕ್ಕೆ.

“ಇವಳೇ!” ಎಂದು ಕೂಗಿದ. “ಮಗೂನ ಕರ್ಕೊಂಡು ಹಿತ್ತಲಿಗೆ ಹೋಗು!”

“ಮಗು ಸ್ಕೂಲಲ್ಲಿದೆ. ಏನಾಯ್ತ್ರೀ?” ಎನ್ನುತ್ತಾ ಹೆಂಡತಿ ಕೈ ಒರೆಸಿಕೊಂಡು ಬಂದಳು. ವಿಷಯ ಕೇಳಿದಾಗ ಅವಳ ಮುಖ ಬಿಳಿಚಿತು. ಆದರೆ ಅವಳು ಹೆದರಿದ್ದು ಸಿಲಿಂಡರಿಗಲ್ಲ. “ಅಯ್ಯೋ, ಅಪ್ಪ ಆರು ಗಂಟೆಗೆ ಬರ್ತಿದಾರಲ್ರೀ!”

ಕಷ್ಟ ಇದ್ದದ್ದೇ ಅಲ್ಲಿ. ಮಾವನವರು ಮೂವತ್ತೈದು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು. ಮಗಳು ಅಳಿಯ ಹೊಸ ಮನೆಗೆ ಬಂದಾಗ ಅವರು ತಮ್ಮ ಕೈಯಾರೆ ಆರಿಸಿ, ಹೊತ್ತು ತಂದು, ಕೊಕ್ಕೆ ಹೊಡೆದು ನೇತುಹಾಕಿದ ಉಡುಗೊರೆ ಅದು. ಪ್ರತಿ ಸಲ ಬಂದಾಗಲೂ ಮೊದಲು ಸಿಲಿಂಡರಿನ ಯೋಗಕ್ಷೇಮ ನೋಡಿ, ಆಮೇಲೆ ಮಗಳ ಯೋಗಕ್ಷೇಮ ಕೇಳುತ್ತಿದ್ದರು. ಕಳೆದ ಸಲ ಸಿಲಿಂಡರಿನ ಮೇಲೆ ಒಂದು ಒದ್ದೆ ಟವೆಲ್ ಕಂಡು, “ನನ್ನ ಮಗಳನ್ನ ಎಂಥವನ ಕೈಗೆ ಕೊಟ್ಟೆ” ಎಂದು ಗೋಡೆಯ ಕಡೆ ತಿರುಗಿ ಹೇಳಿದ್ದರು. ಅಳಿಯನಿಗೆ ಆ ಮಾತು ಇವತ್ತಿಗೂ ಚುಚ್ಚುತ್ತಿತ್ತು.

“ನಡೆದದ್ದು ನಡೆದ ಹಾಗೆ ಹೇಳಿಬಿಟ್ರೆ?” ಎಂದ.

“ಅಪ್ಪ ಆರಿಸಿದ್ದು ಕೆಟ್ಟದ್ದು ಅಂತ ಅಪ್ಪಂಗೆ ಹೇಳ್ತೀರಾ? ಎದೆ ಒಡ್ಕೋತಾರೆ. ಇಲ್ಲಾ ನಿಮ್ಮ ತಲೆ ಒಡೀತಾರೆ. ಅವರು ಬರೋ ಹೊತ್ತಿಗೆ ಆ ಕೊಕ್ಕೆ ಮೇಲೆ ಹೊಸದು ಇರ್ಬೇಕು, ಅಷ್ಟೇ. ನೋಡೋಕೆ ಎರಡೂ ಒಂದೇ ಥರ ಇರುತ್ತಲ್ಲ, ಗೊತ್ತಾಗಲ್ಲ.”

ಅಷ್ಟರಲ್ಲಿ ಅಂಗಡಿಯಿಂದ ಕೋರ್ಟಜ್ಜನ ದನಿ ಬಂತು. “ಏನಯ್ಯಾ, ನನ್ನ ಕನ್ನಡಕ ಇವತ್ತಾದ್ರೂ ಹುಟ್ಟಿತಾ?”

ಕೋರ್ಟಜ್ಜ ಎಂದರೆ ನಲವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಜಡ್ಜುಗಳು ಬದಲಾದರು, ವಕೀಲರು ಸತ್ತರು, ಅಜ್ಜ ಮಾತ್ರ ಕೂತಲ್ಲೇ ಕೂತು ಕಾನೂನು ಕೇಳಿಸಿಕೊಂಡರು. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದ್ದ ‘ಓದದೆ ಸಹಿ ಹಾಕಬೇಡಿ, ಓದಲು ಕನ್ನಡಕ ಹಾಕಿ’ ಎಂಬ ಬೋರ್ಡು ಅವರದೇ ಸಲಹೆ. ಅವರು ಒಳಗೇ ನುಗ್ಗಿ ವಿಷಯವನ್ನೆಲ್ಲ ಕೇಳಿ ತಿಳಿದು, “ಎಲ್ಲಿ, ಕೊಡಿಲ್ಲಿ ಆ ಪೇಪರು” ಎಂದವರೇ ಕನ್ನಡಕದಂಗಡಿಯವನ ಮೂಗಿನ ಮೇಲಿದ್ದ ಕನ್ನಡಕವನ್ನು ಕಿತ್ತು ತಮ್ಮ ಮೂಗಿಗೇರಿಸಿಕೊಂಡರು.

“ಅಜ್ಜ, ಅದು ನಂದು! ಹತ್ತಿರದ್ದು ಓದೋಕೆ ನಂಗೆ ಅದೊಂದೇ ಇರೋದು!”

“ನಂದು ನಿನ್ನ ಹತ್ರ ಮೂರು ವಾರದಿಂದ ಇದೆ. ನಿಂದು ನನ್ನ ಹತ್ರ ಒಂದು ಗಂಟೆ ಇದ್ರೆ ಆಕಾಶ ಬೀಳಲ್ಲ.” ಅಜ್ಜ ಚೌಕವನ್ನು ಎರಡೆರಡು ಸಲ ಓದಿದರು. ಅವರ ಕಣ್ಣು ಹೊಳೆಯತೊಡಗಿತು. “ಲೋ, ಇದನ್ನ ವಾಪಸು ಕೊಡಬೇಡ ಕಣಯ್ಯಾ! ಇದು ಸಾಕ್ಷಿ! ಗ್ರಾಹಕರ ಕೋರ್ಟಿಗೆ ಹೋಗೋಣ. ಅರ್ಜಿ ನಾನೇ ಬರ್ಕೊಡ್ತೀನಿ. ಯಾರಿಗಾದ್ರೂ ಗಾಯ ಆಗಿದ್ಯಾ?”

“ಇಲ್ಲ ಅಜ್ಜ.”

“ಮನೆ ಸುಟ್ಟಿದ್ಯಾ?”

“ಇಲ್ಲ.”

“ಮಾನಸಿಕ ವೇದನೆ?”

“ಅದು ಈಗ ತಾನೇ ಶುರುವಾಯ್ತು.”

“ಸಾಕು! ಅಷ್ಟಿದ್ರೆ ಸಾಕು. ಮಾಲು ಬದಲಿಸಿಕೊಡಿ ಅನ್ನಬಹುದು, ದುಡ್ಡು ವಾಪಸು ಕೇಳಬಹುದು, ಪರಿಹಾರ ಕೇಳಬಹುದು. ಮೂರು ದಾರಿ ಇದೆ ನಿಂಗೆ.”

“ನಂಗೆ ಒಂದೇ ದಾರಿ ಅಜ್ಜ, ಡಿಪೋ ದಾರಿ. ಆರು ಗಂಟೆಗೆ ಮಾವ ಬರ್ತಾರೆ” ಎಂದು ಕನ್ನಡಕದಂಗಡಿಯವನು ಸಿಲಿಂಡರನ್ನು ಕೊಕ್ಕೆಯಿಂದ ಬಿಡಿಸಿದ. ಅದು ಒಳಗೇ ‘ಕುಳ್’ ಎಂದಿತು. ಮೂವರೂ ಉಸಿರು ಬಿಗಿ ಹಿಡಿದರು. ಏನೂ ಆಗಲಿಲ್ಲ.

ಅಲುಗಾಡಿಸಬಾರದಲ್ಲ, ಅದಕ್ಕೆ ಹೆಂಡತಿ ಮಗುವಿನ ಹಳೇ ಹತ್ತಿ ಹಾಸಿಗೆಯನ್ನು ತಂದು ಸುತ್ತಿದಳು. ಬಿಸಿಲು ತಾಗಬಾರದಲ್ಲ, ಅದಕ್ಕೆ ಮಹಡಿ ಮನೆಯ ಅಕ್ಕ ಛತ್ರಿ ಹಿಡಿದುಕೊಂಡು ಇಳಿದು ಬಂದಳು. ಆಕೆಯನ್ನು ಯಾರೂ ಕರೆದಿರಲಿಲ್ಲ. ಓಣಿಯ ಮಾತು ಮಹಡಿಗೆ ಚೆನ್ನಾಗಿ ಕೇಳುತ್ತಿತ್ತು. “ನೀವು ಹಿಡ್ಕೊಳ್ಳಿ, ನಾನು ನೆರಳು ಮಾಡ್ತೀನಿ. ಸಾಕ್ಷಿಗೂ ಆಯ್ತು” ಎಂದಳು. ಅಜ್ಜ ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹಿಂದೆ ಹೊರಟರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಬಸ್ಸು ಹತ್ತಿದಾಗ ಮೂರೂಕಾಲು. ಬಸ್ಸು ಕಿಕ್ಕಿರಿದಿತ್ತು. ಆದರೆ ಎದೆಗೆ ಒತ್ತಿಕೊಂಡ ಹಾಸಿಗೆ ಗಂಟು, ಅದರ ಮೇಲೆ ಛತ್ರಿ, ಬೆವರುವ ಗಂಡಸು, ಹಿಂದೊಬ್ಬರು ವೃದ್ಧರು. ಇದನ್ನು ಕಂಡ ಹೆಂಗಸೊಬ್ಬಳು ಥಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟಳು. “ಕೂತ್ಕೊಳ್ಳಿ ಅಣ್ಣ, ಕೂತ್ಕೊಳ್ಳಿ. ಪಾಪ, ಮಲಗಿದ್ಯಾ?”

“ಹ್ಞೂಂ” ಎಂದ. ಸುಳ್ಳೇನಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಕಂಡಕ್ಟರ್ ಬಂದು, “ಮಗೂಗೆ ಎಷ್ಟು ವಯಸ್ಸು?” ಎಂದು ಕೇಳಿದ.

ಗಾಬರಿಯಲ್ಲಿ ಬಾಯಿಗೆ ಬಂದದ್ದು ನಿಜವೇ. “ಎರಡು ವರ್ಷ ನಾಲ್ಕು ತಿಂಗಳು.”

“ಗಂಡೋ ಹೆಣ್ಣೋ?” ಎಂದು ಸೀಟು ಬಿಟ್ಟ ಹೆಂಗಸು ಕೇಳಿದಳು.

“ಅದು… ಮಾವನವರು ಕೊಟ್ಟಿದ್ದು” ಎಂದುಬಿಟ್ಟ.

ಬಸ್ಸಿನವರೆಲ್ಲ ಕತ್ತು ತಿರುಗಿಸಿ ಹಾಸಿಗೆ ಗಂಟನ್ನೇ ನೋಡಿದರು. ಮಹಡಿ ಅಕ್ಕ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ಆಕೆಯ ಜಾಯಮಾನವಲ್ಲ. “ಸ್ವಲ್ಪ ದೂರ ನಿಂತ್ಕೊಳ್ರೀ ಎಲ್ಲಾ! ಅಲುಗಾಡಿಸಿದ್ರೆ ಸಿಡಿಯುತ್ತೆ ಅದು!” ಎಂದು ಕೂಗಿದಳು. ಅದೇ ಹೊತ್ತಿಗೆ ಬಸ್ಸು ಹಳ್ಳಕ್ಕೆ ಬಿತ್ತು, ಹಾಸಿಗೆ ಜಾರಿತು, ಕೆಂಪು ತಲೆ ಹೊರಬಂತು.

ಆಮೇಲೆ ಬಸ್ಸಿನಲ್ಲಿ ನಡೆದದ್ದನ್ನು ಹೇಳದಿರುವುದೇ ಲೇಸು. ಐವತ್ತು ಜನ ಎರಡು ಬಾಗಿಲಲ್ಲಿ ಏಕಕಾಲಕ್ಕೆ ಇಳಿಯಲು ಹೋದರು. ಕಂಡಕ್ಟರ್ ಸೀಟಿ ಊದುತ್ತಾ, “ಇಳೀರಿ! ನೀವೂ ಇಳೀರಿ, ನಿಮ್ಮ ಮಗೂನೂ ಇಳೀಲಿ!” ಎಂದು ಮೂವರನ್ನೂ ನಡುರಸ್ತೆಯಲ್ಲಿ ಇಳಿಸಿದ. ಗಲಾಟೆ ತಣಿದು, ಬೇರೆ ಬಸ್ಸಿನವರಿಬ್ಬರು ಅವನನ್ನು ದೂರದಿಂದಲೇ ನೋಡಿ ಬಾಗಿಲು ಹಾಕಿಕೊಂಡು ಹೋಗುವಷ್ಟರಲ್ಲಿ ನಾಲ್ಕೂಕಾಲು ಆಗಿತ್ತು. ಡಿಪೋಗೆ ಇನ್ನೂ ಎರಡು ಮೈಲಿ.

“ನಡೀರಿ” ಎಂದ ಕನ್ನಡಕದಂಗಡಿಯವನು. ನೂರು ಹೆಜ್ಜೆ ನಡೆದ. ಆಮೇಲೆ ಗಡಿಯಾರ ನೋಡಿ ಓಡತೊಡಗಿದ. ಹಾಸಿಗೆ ಎಲ್ಲೋ ಬಿದ್ದುಹೋಗಿತ್ತು. ಮೈಯೆಲ್ಲ ಸಡಿಲ ಬಿಟ್ಟು ತೋಳು ಮಾತ್ರ ಬಿಗಿ ಹಿಡಿದು, ತುಂಬಿದ ಎಣ್ಣೆ ಬಟ್ಟಲು ಹೊತ್ತವನ ಹಾಗೆ ಓಡುತ್ತಿದ್ದ.

ಊರಿನ ನಡುಬೀದಿಯಲ್ಲಿ ಒಬ್ಬ ಮನುಷ್ಯ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಸೈಕಲ್ ಅಂಗಡಿಯವನು ಎದ್ದು ನಿಂತು ಕೇಳಿದ: “ಎಲ್ಲಿ ಬೆಂಕಿ?”

“ಇಲ್ಲ, ಡಿಪೋ…” ಎಂದು ಏದುಸಿರಿನಲ್ಲಿ ಹೇಳಿ ಅವನು ಮುಂದೆ ಓಡಿದ.

“ಡಿಪೋಗೆ ಬೆಂಕಿಯಂತೆ!” ಎಂದು ಸೈಕಲ್ ಅಂಗಡಿಯವನು ಹಿಂದೆ ಓಡಿದ. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಒಬ್ಬರು ಹೊರಟರು. ಬಕೆಟ್ಟು ಹಿಡಿದು ಇಬ್ಬರು ಹೆಂಗಸರು, ಮರಳಿನ ಚೀಲ ಹೊತ್ತು ಒಬ್ಬ ಗಾರೆಯವನು, ಏನೂ ಹಿಡಿಯದೆ ಬರೀ ನೋಡುವುದಕ್ಕೆಂದು ಇಪ್ಪತ್ತು ಮೂವತ್ತು ಮಂದಿ. ಮಹಡಿ ಅಕ್ಕ ಛತ್ರಿ ಎತ್ತಿ ಹಿಡಿದು, “ದಾರಿ ಬಿಡಿ! ದಾರಿ ಬಿಡಿ!” ಎಂದು ಮುಂದಾಳಾದಳು. ಎಲ್ಲಕ್ಕಿಂತ ಹಿಂದೆ ಕೋರ್ಟಜ್ಜ, ಓಡಲಾರದೆ ಇಬ್ಬರು ಅಪರಿಚಿತರ ಹೆಗಲು ಹಿಡಿದುಕೊಂಡು ಅವರಿಗೆ ಗ್ರಾಹಕರ ಹಕ್ಕುಗಳನ್ನು ವಿವರಿಸುತ್ತಾ ಬರುತ್ತಿದ್ದರು.

ಡಿಪೋದ ಕಾವಲುಗಾರ ದೂರದಿಂದ ಬರುವ ಗುಂಪನ್ನೂ ಮುಂದೆ ಓಡಿ ಬರುವ ಸಿಲಿಂಡರನ್ನೂ ಬಕೆಟ್ಟುಗಳನ್ನೂ ನೋಡಿದ. ತನ್ನ ಬೆನ್ನ ಹಿಂದೆಯೇ ಬೆಂಕಿ ಬಿದ್ದಿದೆ, ತನಗೇ ಗೊತ್ತಾಗಿಲ್ಲ ಎಂದು ಅವನ ಜೀವ ಬಾಯಿಗೆ ಬಂತು. ಎರಡೂ ಕೈಯಲ್ಲಿ ಅಪಾಯದ ಗಂಟೆ ಹೊಡೆದ. ಒಳಗಿದ್ದ ನೌಕರರೆಲ್ಲ ಬಿದ್ದಂಬೀಳ ಹೊರಗೋಡಿ ಬಂದರು, ಬಾಗಿಲು ತಾನಾಗಿ ಹಾಕಿಕೊಂಡಿತು. ಆಗ ನಾಲ್ಕೂ ಐವತ್ತು.

“ಬದಲಿ ಕೊಡೋದು ಎಲ್ಲಿ ಅಮ್ಮಾ?” ಎಂದು ಕನ್ನಡಕದಂಗಡಿಯವನು ಕೌಂಟರಿನ ಹೆಣ್ಣುಮಗಳನ್ನು ಫುಟ್‌ಪಾತಿನ ಮೇಲೆ ಹಿಡಿದು ಕೇಳಿದ.

“ಒಳಗೆ ಸರ್. ಆದ್ರೆ ಈಗ ಒಳಗೆ ಹೋಗೋ ಹಾಗಿಲ್ಲ. ಗಂಟೆ ಹೊಡೆದ ಮೇಲೆ ಪೂರ್ತಿ ತಪಾಸಣೆ ಆಗ್ಬೇಕು.”

“ಬೆಂಕೀನೇ ಇಲ್ವಲ್ಲಮ್ಮಾ!”

“ಬೆಂಕಿ ಇಲ್ಲ ಅಂತ ಅಗ್ನಿಶಾಮಕದವರು ಬಂದು ಹೇಳ್ಬೇಕು ಸರ್. ನಾಳೆ ಬನ್ನಿ.”

“ಇವತ್ತೇ ಕೊನೇ ದಿನ!”

“ಹೌದಲ್ವಾ. ಹಾಗಾದ್ರೆ ನಾಳೆ ಬಂದ್ರೂ ಉಪಯೋಗ ಇಲ್ಲ” ಎಂದಳು ಆಕೆ, ತುಂಬ ಸೌಜನ್ಯದಿಂದ.

ಕನ್ನಡಕದಂಗಡಿಯವನಿಗೆ ಎಲ್ಲಿತ್ತೋ ಆ ಧೈರ್ಯ. ಸಿಲಿಂಡರನ್ನು ಆಕೆಯ ಎರಡೂ ಕೈಗೆ ಇಟ್ಟುಬಿಟ್ಟ. “ಹಾಗಾದ್ರೆ ನೀವೇ ಇಟ್ಕೊಳ್ಳಿ. ನಾನು ಬರ್ತೀನಿ.”

ಸಿಲಿಂಡರ್ ‘ಕುಳ್’ ಎಂದಿತು. ಆಮೇಲೆ, ಎರಡು ಮೈಲಿ ಓಡಿಸಿಕೊಂಡದ್ದಕ್ಕೆ ಸಿಟ್ಟಾದಂತೆ, ‘ಸುಯ್ಯ್’ ಎಂದು ಉಸಿರು ಬಿಟ್ಟಿತು.

“ಕೊಡ್ತೀನಿ! ಕೊಡ್ತೀನಿ ಸರ್!” ಎಂದು ಆಕೆ ಚೀರಿದಳು. ಕಾವಲುಗಾರ ಅದನ್ನು ಉದ್ದ ಕೋಲಿಗೆ ಸಿಕ್ಕಿಸಿ ಮರಳಿನ ತೊಟ್ಟಿಗೆ ಇಳಿಸಿದ. ಹೊರಗೆ ನಿಂತಿದ್ದ ಸಾಗಣೆ ವ್ಯಾನಿನಿಂದ ಹೊಸ ಸಿಲಿಂಡರಿನ ಡಬ್ಬ ಬಂತು. ಆಕೆ ಹಲಗೆಗೆ ಸಿಕ್ಕಿಸಿದ ಕಾಗದವೊಂದನ್ನು ಮುಂದೆ ಹಿಡಿದಳು. “ಇಲ್ಲೊಂದು ಸಹಿ ಸರ್. ಬೇಗ. ಎರಡು ನಿಮಿಷ ಇದೆ.”

ಅವನು ಕಾಗದ ನೋಡಿದ. ಇರುವೆ ಸಾಲು. ದೂರ ಹಿಡಿದ, ಹತ್ತಿರ ಹಿಡಿದ, ಅಡ್ಡ ಹಿಡಿದ. ಇರುವೆಗಳು ಅಕ್ಷರಗಳಾಗಲಿಲ್ಲ. ಕನ್ನಡಕ ಅಗೋ, ಅರ್ಧ ಫರ್ಲಾಂಗು ದೂರದಲ್ಲಿ ಅಜ್ಜನ ಮೂಗಿನ ಮೇಲೆ ಬಿಸಿಲಿಗೆ ಮಿಂಚುತ್ತಾ ನಿಧಾನವಾಗಿ ಬರುತ್ತಿತ್ತು.

“ಏನಿದೆಯಮ್ಮಾ ಇದರಲ್ಲಿ?”

“ಮಾಮೂಲಿ ಸರ್. ಎಲ್ಲರೂ ಹಾಕ್ತಾರೆ.”

ಓದದೆ ಸಹಿ ಹಾಕಬೇಡಿ ಎಂದು ಸ್ವಂತ ಅಂಗಡಿಯಲ್ಲಿ ಬೋರ್ಡು ತೂಗುಹಾಕಿದ್ದ ಮನುಷ್ಯ ಸಹಿ ಹಾಕಿದ. ಒಂದು ಪ್ರತಿ ಮಡಚಿ ಜೇಬಿಗಿಟ್ಟುಕೊಂಡ. ಹೊಸ ಸಿಲಿಂಡರನ್ನು ತೋಳುದ್ದ ದೂರ ಹಿಡಿದು, ಹಿಡಿಕೆಯ ಅಡಿ ನೋಡಿಕೊಂಡ. ಚುಕ್ಕೆ ಇಲ್ಲ. ನಿಜಕ್ಕೂ ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಬೆಂಕಿಯಿಲ್ಲದೆ ನಿರಾಶೆಗೊಂಡಿದ್ದ ಗುಂಪಿಗೂ ಏನೋ ಒಂದು ಗೆದ್ದ ಹಾಗೆ ಅನ್ನಿಸಿ, ಚಪ್ಪಾಳೆ ತಟ್ಟಿ ಚದುರಿತು.

ಆರಕ್ಕೆ ಐದು ನಿಮಿಷವಿರುವಾಗ ಹೊಸ ಸಿಲಿಂಡರ್ ಕೊಕ್ಕೆಯ ಮೇಲಿತ್ತು. ಹೆಂಡತಿ ಅದರ ಮೇಲೆ ಎರಡು ವರ್ಷದ್ದೆನ್ನಿಸುವಷ್ಟು ಧೂಳನ್ನು ಉದುರಿಸಿದಳು, ಇರಲಿ ಎಂದು. ಅಜ್ಜನೂ ಮಹಡಿ ಅಕ್ಕನೂ ಕುರ್ಚಿ ಎಳೆದುಕೊಂಡು ಕೂತರು. ಮಾವನವರ ತಪಾಸಣೆಯನ್ನು ನೋಡಿಯೇ ಹೋಗುವುದು ಎಂದು ಇಬ್ಬರೂ ತೀರ್ಮಾನಿಸಿದ್ದರು.

ಆರಕ್ಕೆ ಸರಿಯಾಗಿ ಮನೆಯ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ಇಳಿದ ಮನುಷ್ಯ ತಲೆಯಿಂದ ಪಾದದವರೆಗೆ ಬೆಳ್ಳಗಿದ್ದ. ಹುಬ್ಬು ಬಿಳಿ, ಮೀಸೆ ಬಿಳಿ, ಚಪ್ಪಲಿಯೂ ಬಿಳಿ.

“ಅಪ್ಪಾ?” ಎಂದಳು ಹೆಂಡತಿ.

ಮಾವನವರು ಒಂದು ಸಲ ಕೆಮ್ಮಿದರು. ಬಾಯಿಂದ ಬಿಳಿ ಪುಡಿ ಹಾರಿತು. ಅವರು ಕೊಕ್ಕೆಯ ಕಡೆ ನೋಡಲೇ ಇಲ್ಲ. ನೇರ ಅಳಿಯನ ಬಳಿಗೆ ಬಂದು, ಮೊದಲ ಸಲ ಅವನ ಕೈ ಹಿಡಿದುಕೊಂಡರು.

“ಅಳಿಯಂದಿರೇ, ನಿಮಗೆ ಮುಖ ತೋರಿಸೋಕೆ ನಾಚಿಕೆ ಆಗುತ್ತೆ. ನಾನು ಕೊಟ್ಟ ಸಿಲಿಂಡರ್ ಕೆಟ್ಟದ್ದಂತೆ. ಮೂರು ತಿಂಗಳಿಂದ ಗೊತ್ತಿತ್ತು. ನೀವು ಏನಂದ್ಕೋತೀರೋ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ.”

ಅಳಿಯ ಕೊಕ್ಕೆಯ ಮೇಲಿನ ಹೊಸ ಸಿಲಿಂಡರಿನ ಕಡೆ ನೋಡಿದ. ಈ ಮನುಷ್ಯನಿಗೆ ಗೊತ್ತಾಗದಿರಲೆಂದು ಅವನು ಇವತ್ತು ಅರ್ಧ ಊರನ್ನು ಓಡಿಸಿದ್ದ.

“ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ” ಎಂದು ಮಾವ ಮುಂದುವರಿಸಿದರು. “ನಮ್ಮ ಬೀದಿಯವರಿಗೆಲ್ಲ ಇದನ್ನೇ ತಗೊಳ್ಳಿ, ಇದನ್ನೇ ತಗೊಳ್ಳಿ ಅಂತ ನಾನೇ ಕೊಡಿಸಿದ್ದೆ. ಅವರೆಲ್ಲ ಈಗ ಒಟ್ಟಾಗಿ ನನ್ನ ಮೇಲೆ ಕೇಸು ಹಾಕ್ತೀವಿ ಅಂತಿದಾರೆ. ನಮ್ಮೂರಲ್ಲಿ ಡಿಪೋ ಇಲ್ಲ. ನಮ್ಮ ಅಳಿಯಂದಿರ ಊರಲ್ಲಿದೆ, ಅವರು ಬುದ್ಧಿವಂತರು, ಎಲ್ಲಾ ಬದಲಿಸಿ ಕೊಡಿಸ್ತಾರೆ ಅಂತ ಮಾತು ಕೊಟ್ಟು ತಂದಿದೀನಿ. ನಿಮಗೆ ಆರು ಗಂಟೆ ಅಂದಿದ್ರೂ, ಗಡುವಿಗೆ ಮುಂಚೆ ಮಧ್ಯಾಹ್ನಾನೇ ಬಂದುಬಿಡೋಣ ಅಂತ ಹೊರಟಿದ್ದೆ. ದಾರೀಲಿ ಒಂದು ಸಿಡೀತು. ಆಟೋದವನು ಎರಡು ಗಂಟೆ ಹೊಲದಲ್ಲಿ ಹೋಗಿ ಕೂತುಬಿಟ್ಟ.”

ಆಟೋದ ಹಿಂಬದಿಯಲ್ಲಿ ಹುಲ್ಲಿನ ಮೇಲೆ ಕೆಂಪು ಸಿಲಿಂಡರ್‌ಗಳು ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಹಿಡಿಕೆಯ ಕೆಳಗೂ ಕಡಲೆಬೇಳೆಯಷ್ಟು ಹಳದಿ ಚುಕ್ಕೆ. “ಹದಿನೈದಿತ್ತು, ಈಗ ಹದಿನಾಲ್ಕು” ಎಂದರು ಮಾವ.

“ಗಡುವು ಮುಗೀತಲ್ಲ ಮಾವ” ಎಂದ ಅಳಿಯ, ಸಣ್ಣ ದನಿಯಲ್ಲಿ.

“ಗಡುವು ಮುಗಿದ್ರೇನಯ್ಯಾ!” ಎಂದು ಕೋರ್ಟಜ್ಜ ಕುರ್ಚಿಯಿಂದ ಚಿಮ್ಮಿ ಎದ್ದರು. ಮಧ್ಯಾಹ್ನದಿಂದ ಅವರು ಕಾಯುತ್ತಿದ್ದ ಗಳಿಗೆ ಬಂದಿತ್ತು. “ಕಂಪನಿ ಗಡುವು ಹಾಕಿದ್ರೆ ಗ್ರಾಹಕನ ಹಕ್ಕು ಮುಗಿಯಲ್ಲ! ಹದಿನಾಲ್ಕು ಸಾಕ್ಷಿ! ಬೆಳ್ಳಗೆ ಕೆಮ್ಮೋ ಒಬ್ಬ ಗಾಯಾಳು! ಇದಕ್ಕಿಂತ ಚೆಂದದ ಕೇಸು ನನ್ನ ಜೀವಮಾನದಲ್ಲೇ ನೋಡಿಲ್ಲ. ದೂರುದಾರ ನೀನೇ ಆಗು. ಎಲ್ಲಿ, ಆ ಡಿಪೋದ ಕಾಗದ ಕೊಡು, ಕಂಪನಿ ವಿಳಾಸ ಅದರಲ್ಲಿರುತ್ತೆ.”

ಕನ್ನಡಕದಂಗಡಿಯವನು ಜೇಬಿನಿಂದ ಕಾಗದ ತೆಗೆದುಕೊಟ್ಟ. ಅಜ್ಜ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು ಓದತೊಡಗಿದರು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಆಮೇಲೆ ತಡೆತಡೆದು.

“‘…ಈ ಮೂಲಕ ನಾನು ಒಪ್ಪಿಕೊಳ್ಳುವುದೇನೆಂದರೆ, ನನ್ನ ಅಥವಾ ನನ್ನ ಹೆಂಡತಿಯ ಕಡೆಯ ಸಂಬಂಧಿಕರ ಬಳಿ ಇಂಥ ಬೇರೆ ಸಿಲಿಂಡರ್ ಇರುವುದಿಲ್ಲ… ಈ ಸಹಿಯ ನಂತರ ನನ್ನ ವಿಳಾಸದಲ್ಲಿ ಕಂಡುಬಂದಲ್ಲಿ, ಅವುಗಳಿಂದ ಯಾರಿಗೇ ಆಗುವ ನಷ್ಟಕ್ಕೆ ನಾನೇ ಹೊಣೆ… ನಾನಾಗಲಿ ನನ್ನ ಕುಟುಂಬದವರಾಗಲಿ ಕಂಪನಿಯ ಮೇಲೆ ಯಾವ ಕೋರ್ಟಿನಲ್ಲೂ ದೂರು ಕೊಡತಕ್ಕದ್ದಲ್ಲ.’ ಕೆಳಗೆ ನಿನ್ನ ಸಹಿ. ಅಕ್ಷರ ದುಂಡಗಿದೆ ಕಣಯ್ಯಾ.”

ಹೊರಗೆ ಆಟೋದವನು ಒಂದೊಂದೇ ಸಿಲಿಂಡರನ್ನು ತಂದು ಓಣಿಯ ಗೋಡೆಗೆ ಸಾಲಾಗಿ ಒರಗಿಸುತ್ತಿದ್ದ.

“ಅಂದ್ರೆ,” ಎಂದಳು ಮಹಡಿ ಅಕ್ಕ ಕೊನೆಗೆ, “ಬೀದಿಯವರು ಈಗ ಯಾರ ಮೇಲೆ ಕೇಸು ಹಾಕ್ಬೇಕು?”

ಕೋರ್ಟಜ್ಜ ಕನ್ನಡಕದಂಗಡಿಯವನ ಕಡೆ ನೋಡಿದರು. ಮಹಡಿ ಅಕ್ಕ ನೋಡಿದಳು. ಹೆಂಡತಿಯೂ ನೋಡಿದಳು. ಮಾವನವರ ಬಿಳಿ ಮುಖದಲ್ಲಿ ಮೂರು ತಿಂಗಳಿಂದ ಕಾಣೆಯಾಗಿದ್ದ ನೆಮ್ಮದಿ ನಿಧಾನವಾಗಿ ಮೂಡಿತು. ಅವರು ಅಳಿಯನ ಬೆನ್ನು ತಟ್ಟಿ, “ನನ್ನ ಮಗಳನ್ನ ಒಳ್ಳೇ ಜವಾಬ್ದಾರಿ ಇರೋರ ಕೈಗೇ ಕೊಟ್ಟಿದೀನಿ” ಎಂದರು.

ಕನ್ನಡಕದಂಗಡಿಯವನು ಕೈ ಚಾಚಿ ಅಜ್ಜನ ಮೂಗಿನಿಂದ ತನ್ನ ಕನ್ನಡಕ ತೆಗೆದುಕೊಂಡ. ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡು, ಕಾಗದವನ್ನು ಮೊದಲಿನಿಂದ ಓದಿದ. ಒಂದೊಂದು ಅಕ್ಷರವೂ ಚೊಕ್ಕಟವಾಗಿ ಕಂಡಿತು. ಕನ್ನಡಕದಲ್ಲಿ ಯಾವ ದೋಷವೂ ಇರಲಿಲ್ಲ.